ರಾಜಧಾನಿಯಾಗಿ ಶ್ರೀರಂಗಪಟ್ಟಣ

೧

ಶ್ರೀರಂಗಪಟ್ಟಣದ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವನು ಕಾವೇರಿಯ ಸೇತುವೆಯನ್ನು ದಾಟಿದೊಡನೆ ಹಾಳುಬಿದ್ದ ಕೋಟೆಯ ಗೋಡೆಗಳನ್ನೂ, ಅವುಗಳ ಹಿಂದೆ ತಲೆಯೆತ್ತಿ ನಿಂತಿರುವ ರಂಗನಾಥನ ಗೋಪುರವನ್ನೂ, ಮಸೀದಿಯ ಎರಡು ಮೀನಾರುಗಳನ್ನೂ ಕಂಡು, ಇದೇ ಟಿಪ್ಪುವಿನ ಊರು ಎಂದು ಪಕ್ಕದವರಿಗೆ ಹೇಳುವನು. ಊರಲ್ಲಿ ಇಳಿದು ನೋಡುವವನಿಗೂ ದಾರಿ ತೋರಿಸುವವರು ಹೆಚ್ಚಾಗಿ ತೋರಿಸುವುದು ಕುಂಪಣಿಯ ಸೈನ್ಯವು ಕೋಟೆಯೊಡೆದ ಸ್ಥಳ, ಸುಲ್ತಾನನ ಶವವು ಸಿಕ್ಕಿದ ಸ್ಥಳ, ಸೆರೆಮನೆ, ಗೋರಿ, ಇವುಗಳನ್ನೇ. ಅಂತು ೧೭೯೯ನೆಯ ಇಸವಿ ಮೇ ತಿಂಗಳ ೪ನೆಯ ತಾರೀಖಿನ ಒಂದು ಮಧ್ಯಾಹ್ನದ ಕಥೆಯೇ ಈ ಪಟ್ಟಣದ ಸಮಗ್ರ ಚರಿತ್ರೆಯೆಂಬಂತೆ ಆಗಿಹೋಗಿದೆ.

ಹೀಗಾದುದಕ್ಕೆ ಕಾರಣವಿಲ್ಲದಿಲ್ಲ. ಆ ದಿನದ ವಾರ್ತೆಯು ಸೀಮೆಗೆ ಮುಟ್ಟಿದ ಮಾರನೆಯ ವರ್ಷವೇ ರಾಬರ್ಟ್ ಕೆರ್ ಪೋರ್ಟರನೆಂಬ ಚಿತ್ರಕಾರನು ಕೋಟೆ ಹಿಡಿದ ದೃಶ್ಯವನ್ನು ಬೃಹತ್ಪಟವಾಗಿ ಬರೆದು ಲಂಡನ್ನಿನಲ್ಲಿ ಪ್ರದರ್ಶಿಸಿದನು. ವಿಲ್ಕಿ ಕಾಲಿನ್ಸನು ೧೮೬೮ರಲ್ಲಿ ಪ್ರಕಟಿಸಿದ ‘ಮೂನ್‌ಸ್ಟೋನ್’ ಎಂಬ ಪ್ರಸಿದ್ಧ ಕಾದಂಬರಿಯು ಆರಂಭವಾಗುವುದೂ ಶ್ರೀರಂಗಪಟ್ಟಣದ ಲೂಟಿಯಿಂದಲೇ. ಗೆದ್ದವರು ತಮ್ಮ ಜಯವನ್ನು ನೆನೆದರು; ಸೋತವನ ಶೌರ್ಯವನ್ನು ಮೆಚ್ಚಿದವರು ಆತನ ಮರಣವನ್ನು ನೆನೆದರು. ಎರಡು ಪಕ್ಷದವರ ನೆನಪೂ ಒಂದೇ ದಿನಕ್ಕೆ ಕಟ್ಟುಬಿದ್ದಿತು.

ಆದರೆ ಶ್ರೀರಂಗಪಟ್ಟಣವು ಮೈಸೂರು ರಾಜ್ಯದ ರಾಜಧಾನಿಯಾಗಿ ಇದ್ದುದು ೧೬೧೦ರಿಂದ ೧೭೯೯ರ ವರೆಗೆ, ಎಂದರೆ ೧೮೯ ವರ್ಷಗಳ ಕಾಲ. ಇದರಲ್ಲಿ ಹೈದರ್ ಮತ್ತು ಟಿಪ್ಪು ಇವರ ಅಧಿಕಾರಕ್ಕೆ ಸೇರಿದವು ಕೊನೆಯ ೩೮ ವರ್ಷಗಳು. ಮಿಕ್ಕ ಒಂದೂವರೆ ಶತಮಾನದ ಪಟ್ಟಣವು ಎಲ್ಲಿ ಹೋಯಿತು? ಅದರ ಬೀದಿಗಳು, ಉತ್ಸವಗಳು, ವಿದ್ವತ್ಸಭೆಗಳು ಹೇಗಿದ್ದುವು? ಕನ್ನಡ ಸಾಹಿತ್ಯವನ್ನು ಪಾಠ ಹೇಳುವ ನಮಗೆ ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಏಕೆಂದರೆ ಚಿಕ್ಕದೇವರಾಜ ಒಡೆಯರ ಕಾಲದ ಸಾಹಿತ್ಯವೆಂದು ನಾವು ಬೋಧಿಸುವುದರ ಬಹುಭಾಗವು ಈ ದ್ವೀಪದಲ್ಲಿಯೇ ಹುಟ್ಟಿತು. ಆ ಊರನ್ನು ಮರೆತು ಆ ಸಾಹಿತ್ಯವನ್ನು ಓದಿದರೆ ಬೇರಿಲ್ಲದ ಗಿಡವನ್ನು ನೋಡಿದಂತಾಗುವುದು. ಆದುದರಿಂದ ರಾಜಧಾನಿಯಾಗಿ ಈ ಪಟ್ಟಣದ ಸ್ವರೂಪವೇನು, ಜನರನ್ನು ಇದು ಆಕರ್ಷಿಸಿದುದು ಯಾವುದರಿಂದ, ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ನೆಲೆಯ ವಿಚಾರ. ಕಾವೇರಿಯು ಇಲ್ಲಿ ಎರಡಾಗಿ ಕವಲೊಡೆದು, ಸುಮಾರು ಮೂರು ಮೈಲಿ ಉದ್ದ, ಒಂದು ಮೈಲಿ ಅಗಲದ ಒಂದು ದ್ವೀಪವನ್ನು ಬಳಸಿ, ಮತ್ತೆ ಪೂರ್ವದಲ್ಲಿ ಸಂಗಮವಾಗುತ್ತದೆ. ದ್ವೀಪದ ಪಡುವಣ ತುದಿಯಲ್ಲಿ ಕೋಟೆ. ಮೂಡಣ ಭಾಗದಲ್ಲಿ ಗಂಜಾಂ. ಅದರಾಚೆ ತೋಟ ಗದ್ದೆಗಳು, ಕೊನೆಯಲ್ಲಿ ಸಂಗಮ. ನದಿಯ ಪಾತ್ರವು ಬಂಡೆಗಳಿಂದ ತುಂಬಿದೆ. ಬೇಸಗೆಯಲ್ಲಿ ಆಳುಗಳು ನಡೆದು ದಾಟುವಷ್ಟು ನೀರು ಇಳಿಯುವುದು. ಮುಂಗಾರು ಹಿಡಿಯಿತೆಂದರೆ ಕೊಡಗಿನ ಮಳೆಯ ನೀರೆಲ್ಲ ಬಂದು ದ್ವೀಪವನ್ನು ಹೊರಗಿನಿಂದ ಬೇರ್ಪಡಿಸುವುದು.

ಈ ಊರಿನ ಕೊನೆಯ ಯುದ್ಧಗಳ ಚರಿತ್ರೆಯನ್ನು ತಿಳಿಯಲು ನದಿಯ ಈ ಕಾಲಗಣನೆಯೇ ಕೀಲಿಕೈ. ೧೭೯೧ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಂದೆಗೆಯಿಸಿದನು. ಆದರೂ ಮಳೆ ಹಿಡಿದು, ದನಗಳಿಗೆ ಮೇವಿಲ್ಲದೆ, ಸೈನಿಕರಿಗೆ ಅಕ್ಕಿಯಿಲ್ಲದೆ, ತನ್ನ ಭಾರಿಯ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಅದರಿಂದ ಪಾಠ ಕಲಿತು ಮರುವರ್ಷ ಫೆಬ್ರುವರಿಯಲ್ಲಿಯೇ ಬಂದನು. ೧೭೯೯ರಲ್ಲಿ ಹ್ಯಾರಿಸ್ ಸೇನಾಪತಿಯು ಏಪ್ರಿಲ್‌ನಲ್ಲಿ ಮುತ್ತಿಗೆ ಹಾಕಿ, ಹೊಳೆಯು ಏರುವುದಕ್ಕೆ ಮುಂಚೆಯೇ ಕೋಟೆಯನ್ನು ಹಿಡಿಯಬೇಕೆಂದು ಆತುರಪಟ್ಟನು. ಹೊಳೆ ಏರುವ ವರೆಗೆ ತಡೆದರೆ ಸಾಕೆಂಬುದು ಒಳಗಿದ್ದವರ ಆಶೆ. ಕೆಲವು ವಾರಗಳು ಕಳೆದಿದ್ದರೆ ಚರಿತ್ರೆಯು ಹೇಗೆ ತಿರುಗುತ್ತಿತ್ತೋ! ಅಂತು ಕಾವೇರಿಯು ಈ ರಾಜಧಾನಿಗೆ ವರ್ಷದಲ್ಲಿ ಅರ್ಧ ಕಾಲ ಕಂದಕವಾಗಿಯೂ ಉಳಿದರ್ಧ ಕಾಲ ಹೆದ್ದಾರಿಯಾಗಿಯೂ ಇದ್ದಿತು.

ಬಹು ಪೂರ್ವದಲ್ಲಿಯೇ ಈ ಸಂಗತಿಯು ಕಂಡುಬಂದಿದ್ದಿತು. ಹದಿನೈದನೆಯ ಶತಮಾನದ ಕೊನೆಯಲ್ಲಿ ವಿಜಯನಗರದ ನರಸನಾಯಕನು ತುಂಬಿ ಹರಿಯುವ ಕಾವೇರಿಗೆ ಸೇತುವೆ ಕಟ್ಟಿ ದಾಟಿ ಶ್ರೀರಂಗಪಟ್ಟಣವನ್ನು ವಶಮಾಡಿಕೊಂಡನೆಂದು ಆತನ ಮಕ್ಕಳ ಶಾಸನಗಳು ಹೊಗಳುತ್ತವೆ. ಪ್ರವಾಹಕಾಲದಲ್ಲಿ ದಾಟುವುದು ಹೊಗಳಿಕೆಗೆ ತಕ್ಕಷ್ಟು ಕಷ್ಟವಾದ ಕಾರ್ಯವೆಂಬುದು ಇದರಿಂದ ವ್ಯಕ್ತವಾಗುತ್ತದೆ.

೩

ನೆಲೆಯನ್ನು ಕೊಟ್ಟುದು ನದಿ. ಹೆಸರನ್ನು ಕೊಟ್ಟುದು ದೇವರು. ಶಿವನಸಮುದ್ರದ ರಂಗನು ಮಧ್ಯರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ, ಇಲ್ಲಿಯವನು ಆದಿರಂಗ. ಕಾವೇರಿಯ ಮೇಲಣ ಈ ಮೂರು ದ್ವೀಪಗಳನ್ನು ಒಂದೇ ಯಾತ್ರೆಯಲ್ಲಿ ಸೇವಿಸುವ ಭಕ್ತರು ಇಂದಿಗೂ ಉಂಟು. ಗಂಗರ ಕಾಲದಲ್ಲಿ, ಕ್ರಿ.ಶ. ೮೯೪ರಲ್ಲಿ, ತಿರುಮಲಯ್ಯನೆಂಬುವನು ಇಲ್ಲಿ ರಂಗನಾಥನ ಗುಡಿಯನ್ನು ಕಟ್ಟಿಸಿದನೆಂದು ಹೇಳಿಕೆ. ಈಗಿನ ದೇವಾಲಯವು ಒಂದೇ ಕಾಲದ ಕಟ್ಟಡವಲ್ಲ. ಒಳಗಿನ ಕೆಲಸದಲ್ಲಿ ಹೊಯ್ಸಳರ ಕೈಯೂ, ಗೋಪುರದಲ್ಲಿ ವಿಜಯನಗರದ ಪದ್ಧತಿಯೂ ಕಾಣುತ್ತವೆ. ವಿಷ್ಣುವಿನ ಇಪ್ಪತ್ತನಾಲ್ಕು ಮೂರ್ತಿಗಳನ್ನು ಕೆತ್ತಿರುವ ಕಂಬಗಳು ನೋಡತಕ್ಕವು.

ಕೋಟೆಯ ವಿಚಾರದಲ್ಲಿ ನಾವು ನಾಗಮಂಗಲದ ಕಡೆಗೆ ತಿರುಗಬೇಕು. ನಾಗಮಂಗಲದ ಹೆಬ್ಬಾರನಾದ ತಿಮ್ಮಣ್ಣನು ೧೪೫೪ರಲ್ಲಿ ವಿಜಯನಗರದವರಿಂದ ದಣ್ಣಾಯಕನೆಂಬ ಬಿರುದನ್ನೂ ಈ ಸೀಮೆಯ ಅಧಿಕಾರವನ್ನೂ ಪಡೆದು, ದ್ವೀಪದಲ್ಲಿ ಕೋಟೆಯನ್ನು ಕಟ್ಟಿಸಿ, ರಂಗನಾಥನ ಗುಡಿಯನ್ನು ದೊಡ್ಡದು ಮಾಡಿಸಿದನೆಂದು ಐತಿಹ್ಯವು ತಿಳಿಸುತ್ತದೆ. ಇದಕ್ಕಾಗಿ ಕಳಸವಾಡಿಯಲ್ಲಿದ್ದ ನೂರೊಂದು ಬಸದಿಗಳ ಕಲ್ಲುಗಳನ್ನು ತಂದರೆಂದೂ ಅದೇ ಐತಿಹ್ಯವು ಹೇಳುವುದು. ಸಂಖ್ಯೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಒಂದು ಧರ್ಮದ ಅವಶೇಷದ ಮೇಲೆ ಇನ್ನೊಂದರ ವೈಭವವು ಏಳುವ ಕ್ರಮವು ಈ ಊರಿನಲ್ಲಿ ಬಹು ಮುಂಚೆಯೇ ಮೊದಲಾಯಿತೆಂಬುದನ್ನು ಗಮನಿಸಬೇಕು. ಕೋಟೆಯೊಳಗೆ ಇಂದಿಗೂ ಆದಿನಾಥನ ಬಸದಿಯೊಂದು ಉಳಿದಿದೆ.

ಇನ್ನೊಂದು ಅಂಶವೂ ಇಲ್ಲಿ ವಿಚಾರಾರ್ಹ. ಸುತ್ತಣ ಸೀಮೆಯೊಡನೆ ಹೋಲಿಸಿದರೆ ಪಟ್ಟಣವಾಗಿ ಶ್ರೀರಂಗಪಟ್ಟಣವು ಎಳೆಯದು. ನಾಗಮಂಗಲದ ಸೌಮ್ಯಕೇಶವ, ಹೊಸಹೊಳಲಿನ ಲಕ್ಷ್ಮೀನಾರಾಯಣ, ೧೧೭೧ರಲ್ಲಿ ಬಮ್ಮವೆ ನಾಯಕಿತಿಯು ಕಟ್ಟಿಸಿದ ಕಿಕ್ಕೇರಿಯ ಬ್ರಹ್ಮೇಶ್ವರ, ಇವೆಲ್ಲವೂ ಹೊಯ್ಸಳರ ಕಾಲದವು. ತೊಣ್ಣೂರಿನ ದೊಡ್ಡ ಕೆರೆಯನ್ನೂ ಮೇಲುಕೋಟೆಯ ನಾರಾಯಣನ ಪ್ರತಿಷ್ಠೆಯನ್ನೂ ರಾಮಾನುಜಾಚಾರ್ಯರ ಹೆಸರಿಗೆ ಸೇರಿಸಿ ಹೇಳುವುದು ವಾಡಿಕೆ. ಈಗ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂದು ನಾಲ್ಕು ತಾಲ್ಲೂಕುಗಳಾಗಿ ೧೯೩೯ರಲ್ಲಿ ಏರ್ಪಟ್ಟ ಮಂಡ್ಯ ಜಿಲ್ಲೆಗೆ ಸೇರಿರುವ ಈ ನಾಡು, ಗುಡಿ ಕೆರೆ ಅಗ್ರಹಾರಗಳಿಂದ ಮೊದಲೇ ತುಂಬಿದ್ದಿತು. ಅದರ ನಡುವೆ ರಾಜಧಾನಿಯು ಕೊನೆಯಲ್ಲಿ ಬಂದು ನಿಂತಿತು. ಹೀಗೆ ನಾಡು ಮೊದಲು, ರಾಜಧಾನಿ ಆಮೇಲೆ ಎಂಬುದೇ ಇದರ ಒಂದು ವಿಶೇಷ.

೪

ವಿಜಯನಗರದ ಪ್ರತಿನಿಧಿಯು ಇಲ್ಲಿ ಕುಳಿತು ದಕ್ಷಿಣದ ಪಾಳೆಯಗಾರರಿಂದ ಕಪ್ಪವನ್ನು ಎತ್ತುತ್ತಿದ್ದನು. ತಾಳಿಕೋಟೆಯ ಯುದ್ಧದ ತರುವಾಯ ಈ ಅಧಿಕಾರವು ಸಡಿಲವಾಯಿತು. ೧೬೧೦ರಲ್ಲಿ ಮೈಸೂರಿನ ರಾಜ ಒಡೆಯರು ಪಟ್ಟಣವನ್ನು ವಶಪಡಿಸಿಕೊಂಡರು. ಇದನ್ನು ಕುರಿತು ಎರಡು ಬಗೆಯ ಹೇಳಿಕೆಗಳುಂಟು. ಮುದುಕನೂ ರೋಗಿಯೂ ಆದ ಪ್ರತಿನಿಧಿಯು ಪಟ್ಟಣವನ್ನು ರಾಜ ಒಡೆಯರ ಕೈಗೆ ಒಪ್ಪಿಸಿ ತಾನು ತಲಕಾಡಿನ ವೈದ್ಯೇಶ್ವರನ ಸೇವೆಗೆ ಹೋದನೆಂಬುದು ಒಂದು. ಬಲಾತ್ಕಾರದಿಂದ ಅವನನ್ನು ಹೊರಡಿಸಿದರೆಂಬುದು ಇನ್ನೊಂದು. ಆತನ ಪತ್ನಿ ಅಲಮೇಲಮ್ಮನು ಮಾಲಂಗಿಯ ಮಡುವಿಗೆ ಹಾರಿಕೊಳ್ಳುವ ಮುನ್ನ ಇಟ್ಟಳೆಂಬ ಶಾಪವು ಇಂದಿಗೂ ಜನಜನಿತವಾಗಿದೆ. ಶಾಪವು ನಿಜವೇ ಅಲ್ಲವೇ ಎಂಬುದು ಚರಿತ್ರಕಾರನ ಪ್ರಶ್ನೆಯಲ್ಲ. ಆದರೆ ಇಷ್ಟು ದಿನ ಆ ಕಥೆಯು ಬಾಳಿಬಂದಿರುವುದನ್ನು ನೋಡಿದರೆ, ರಾಜಧಾನಿಯು ಕೈಬದಲಾದ ಬಗೆಯು ಜನರ ಮನಸ್ಸಿಗೆ ಪೂರ್ತಿಯಾಗಿ ಸಮಾಧಾನವನ್ನು ಉಂಟುಮಾಡಿರಲಿಲ್ಲವೆಂದು ಊಹಿಸಬಹುದು. ೧೬೧೨ರಲ್ಲಿ ವೆಂಕಟಪತಿರಾಯನು ಈ ಸೀಮೆಯನ್ನು ರಾಜ ಒಡೆಯರಿಗೇ ಕೊಟ್ಟನೆಂದು ತಿಳಿದುಬರುವುದರಿಂದ, ಕತ್ತಿಯಿಂದ ಬಂದುದಕ್ಕೆ ಬೇಗನೆಯೇ ಶಾಸನದ ಮುದ್ರೆಯೂ ಬಿದ್ದಂತಾಯಿತು.

ಪಟ್ಟಣವನ್ನು ಪಡೆದ ವರ್ಷವೇ ರಾಜ ಒಡೆಯರು ವಿಜಯನಗರದ ಮಹಾನವಮಿಯನ್ನು ಇಲ್ಲಿ ಆರಂಭಿಸಿದರು. ಉತ್ಸವದ ಮುನ್ನಾದಿನ ಅವರ ಕುಮಾರನು ತೀರಿಕೊಂಡನೆಂದೂ, ಆದರೂ ಉತ್ಸವವನ್ನು ನಿಲ್ಲಿಸಲಿಲ್ಲವೆಂದೂ ಅರಮನೆಯ ಐತಿಹ್ಯವಿದೆ. ಇದರ ಅರ್ಥವು ಸ್ಪಷ್ಟ. ಮಹಾನವಮಿಯು ಮನೆಯ ಹಬ್ಬವಲ್ಲ, ಸಿಂಹಾಸನದ ಹಬ್ಬ. ಹಂಪೆಯಲ್ಲಿ ನಿಂತುಹೋದುದನ್ನು ಮುಂದುವರಿಸುವವರು ನಾವೆಂದು ನಾಡಿಗೆ ಸಾರುವ ಸಾಧನ. ಇಂದು ಮೈಸೂರಿನ ದಸರೆಯೆಂದು ಪ್ರಪಂಚಕ್ಕೆಲ್ಲ ಗೊತ್ತಿರುವ ಉತ್ಸವದ ತವರು ಶ್ರೀರಂಗಪಟ್ಟಣವೆಂಬುದನ್ನು ನೆನೆಯುವವರು ವಿರಳ.

ರಣಧೀರ ಕಂಠೀರವ ನರಸರಾಜ ಒಡೆಯರ ಆಳಿಕೆಯಲ್ಲಿ (೧೬೩೮–೧೬೫೯) ಪಟ್ಟಣದ ಲಕ್ಷಣವು ಪೂರ್ತಿಯಾಯಿತು. ಆಳಿಕೆಯ ಆರಂಭದಲ್ಲಿಯೇ ಮುತ್ತಿದ ಬಿಜಾಪುರದ ರಣದುಲ್ಲಾಖಾನನ ಸೈನ್ಯವನ್ನು ಹಿಂದಟ್ಟಿದುದು, ಕೋಟೆಯನ್ನು ಬಲಪಡಿಸಿದುದು, ನರಸಿಂಹಸ್ವಾಮಿಯ ದೇವಾಲಯವನ್ನು ಕಟ್ಟಿಸಿದುದು, ಟಂಕಸಾಲೆಯನ್ನಿಟ್ಟು ಕಂಠೀರಾಯ ಹಣವನ್ನು ಹೊಯ್ಯಿಸಿದುದು, ಇವೆಲ್ಲವೂ ಇವರ ಕಾರ್ಯಗಳು. ಇವರ ಕಾಲದ ಗೋವಿಂದವೈದ್ಯನು ೧೬೪೮ರಲ್ಲಿ ರಚಿಸಿದ ‘ಕಂಠೀರವ ನರಸರಾಜ ವಿಜಯ’ವೆಂಬ ಸಾಂಗತ್ಯ ಕಾವ್ಯವು ನಮ್ಮ ಪ್ರಕೃತ ವಿಚಾರಕ್ಕೆ ಬಹು ಮುಖ್ಯವಾದ ಆಧಾರ. ಕಾವ್ಯದ ಪುರವರ್ಣನೆಯೆಂದರೆ ಪೂರ್ವಕವಿಗಳ ಅಚ್ಚಿನಲ್ಲಿ ಹೊಯ್ದುದೆಂದು ನಾವು ಬದಿಗಿಡುವುದು ಸಾಮಾನ್ಯ. ಆದರೆ ಗೋವಿಂದವೈದ್ಯನು ತಾನು ಬಾಳಿದ ಊರನ್ನೂ, ಕಣ್ಣಾರೆ ಕಂಡ ಮಹಾನವಮಿಯನ್ನೂ, ತನ್ನ ಕಾಲದ ಯುದ್ಧವನ್ನೂ ವರ್ಣಿಸುತ್ತಾನೆ. ಕವಿಸಮಯವನ್ನು ಸೋಸಿ ತೆಗೆದರೆ ಉಳಿಯುವ ಭಾಗವು ಚರಿತ್ರೆಗೆ ಶಾಸನದಷ್ಟೇ ಉಪಯುಕ್ತವಾದುದು.

ಚಿಕ್ಕದೇವರಾಜ ಒಡೆಯರ ಕಾಲಕ್ಕೆ (೧೬೭೩–೧೭೦೪) ಪಟ್ಟಣವು ಆಡಳಿತದ ಕೇಂದ್ರವಾಗಿಯೂ ವಿದ್ಯಾಕೇಂದ್ರವಾಗಿಯೂ ಉಚ್ಛ್ರಾಯ ಸ್ಥಿತಿಗೆ ಬಂದಿತು. ರಾಜ್ಯದ ಕಾರ್ಯವನ್ನು ಹದಿನೆಂಟು ಚಾವಡಿಗಳಾಗಿ ವಿಭಾಗಿಸಿದ ಅಠಾರಾ ಕಚೇರಿಯು ಪ್ರಸಿದ್ಧವಾದುದು. ಅದೇ ಅರಮನೆಯ ಆಶ್ರಯದಲ್ಲಿ ತಿರುಮಲಾರ್ಯನು ‘ಅಪ್ರತಿಮವೀರ ಚರಿತೆ’ಯನ್ನೂ ‘ಚಿಕದೇವರಾಜ ವಿಜಯ’ವನ್ನೂ ಬರೆದನು, ಮಂತ್ರಿಯಾದ ಚಿಕುಪಾಧ್ಯಾಯನು ಮಾಹಾತ್ಮ್ಯಗಳನ್ನು ಕನ್ನಡಿಸಿದನು, ಸಿಂಗರಾರ್ಯನು ಶ್ರೀಹರ್ಷನ ‘ರತ್ನಾವಳಿ’ಯನ್ನು ಅನುಸರಿಸಿ ‘ಮಿತ್ರವಿಂದಾ ಗೋವಿಂದ’ವನ್ನು ರಚಿಸಿ, ನಮಗೆ ದೊರೆತಿರುವ ಕನ್ನಡ ನಾಟಕಗಳಲ್ಲಿ ಮೊದಲನೆಯದನ್ನು ಕೊಟ್ಟನು, ರಾಣಿಯ ಸಂಚಿಯ ಊಳಿಗದವಳಾದ ಹೊನ್ನಮ್ಮನು ‘ಹದಿಬದೆಯ ಧರ್ಮ’ವನ್ನು ಬರೆದಳು. ಮಂತ್ರಿಯೂ ಊಳಿಗದವಳೂ ಒಂದೇ ಸಭೆಗೆ ಕಾವ್ಯವನ್ನು ಅರ್ಪಿಸಿದ ಇಂತಹ ಕಾಲವು ಕನ್ನಡನಾಡಿನ ರಾಜಧಾನಿಗಳಲ್ಲಿ ಅಪರೂಪ. ‘ಪಶ್ಚಿಮರಂಗ ಮಾಹಾತ್ಮ್ಯ’, ‘ಯಾದವಗಿರಿ ಮಾಹಾತ್ಮ್ಯ’ ಎಂಬ ಕೃತಿಗಳು ಈ ಕಾಲದಲ್ಲಿ ಹುಟ್ಟಿದುದೂ ಆಕಸ್ಮಿಕವಲ್ಲ. ರಾಜಧಾನಿಯ ದೇವರೂ ಮೇಲುಕೋಟೆಯ ದೇವರೂ ಕನ್ನಡದ ಓದುಗರಿಗೆ ಒಟ್ಟಿಗೆ ಪರಿಚಿತರಾದರು.

೫

ಮೇಲುಕೋಟೆಯ ಹೆಸರು ಬಂದುದರಿಂದ ರಾಜಧಾನಿಗೂ ಸುತ್ತಣ ಸೀಮೆಗೂ ಇದ್ದ ಸಂಬಂಧವನ್ನು ಸ್ವಲ್ಪ ವಿಸ್ತರಿಸಿ ಹೇಳಬಹುದು. ರಾಜ ಒಡೆಯರು ಚೆಲುವನಾರಾಯಣನಿಗೆ ಅರ್ಪಿಸಿದ ರಾಜಮುಡಿಯು ಇಂದಿಗೂ ಆ ಹೆಸರಿನಿಂದಲೇ ಉತ್ಸವಮೂರ್ತಿಯನ್ನು ಅಲಂಕರಿಸುತ್ತಿದೆ. ಹೀಗೆ ದೊರೆಗಳ ಭಕ್ತಿಯು ದ್ವೀಪದಿಂದ ಬೆಟ್ಟಕ್ಕೆ ಹರಿಯಿತು. ಆದರೆ ರಾಜಧಾನಿಯ ಸಮೀಪದಲ್ಲಿರುವ ಸೀಮೆಗೆ ಭಾಗ್ಯದಂತೆ ಆಪತ್ತೂ ಪಾಲಿಗೆ ಬರುವುದು ಸಹಜ. ೧೭೭೧ರ ಮಾರ್ಚಿಯಲ್ಲಿ ಹೈದರನು ಮೇಲುಕೋಟೆಯ ಕಡೆಯಿಂದ ಪಟ್ಟಣಕ್ಕೆ ಹಿಂದೆಗೆಯುತ್ತಿದ್ದಾಗ ಮರಾಠರು ಚಿನಕುರಳಿಯ ಬಳಿ ಅವನ ಸೈನ್ಯವನ್ನು ಧ್ವಂಸಮಾಡಿದರು. ೧೭೯೨ರ ಯುದ್ಧದಲ್ಲಿ ಮರಾಠರ ದಂಡು ನಾಗಮಂಗಲವನ್ನು ಹಾಳುಮಾಡಿ, ಒಂದೂವರೆ ಲಕ್ಷ ಮರಗಳನ್ನು ಕಡಿದುಹಾಕಿತೆಂದು ಹೇಳುತ್ತಾರೆ. ತೊಣ್ಣೂರಿನ ಕೆರೆಯನ್ನು ಹಗೆಗಳಿಗೆ ನೀರು ಸಿಕ್ಕದಂತೆ ಟಿಪ್ಪುವೇ ಒಡೆಯಿಸಿದನೆಂಬ ಹೇಳಿಕೆಯೂ ಉಂಟು. ಫ್ರೆಂಚರ ಪಡೆಗೆ ಪಾಳೆಯವಾಗಿದ್ದುದರಿಂದ ಹಿರೋಡೆಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಂದಿತು. ೧೭೯೨ರ ಫೆಬ್ರುವರಿಯಲ್ಲಿ ಕಾರ್ನ್‌ವಾಲಿಸನು ಅದೇ ಬಂಡೆಗಳ ಬಳಿ ಬೀಡುಬಿಟ್ಟು ರಾತ್ರಿಯ ದಾಳಿಯನ್ನು ಹೊರಡಿಸಿದನು. ಆ ಊರೇ ಇಂದಿನ ಪಾಂಡವಪುರ. ಹಿಂದಿನ ಅತ್ತಿಕುಪ್ಪೆಯು ಕೃಷ್ಣರಾಜಪೇಟೆಯಾಯಿತು. ಹೆಸರುಗಳು ಬದಲಾದರೂ, ರಾಜಧಾನಿಯು ಹಸಿದಾಗ ಅನ್ನವನ್ನಿಕ್ಕಿ, ಅದರ ಮೇಲೆ ಬಂದ ದಂಡಿಗೆ ಮೊದಲು ಸುಲಿಗೆಯಾದ ಹಳ್ಳಿಗಳು ಇವೇ.

೬

ಹೈದರನು ೧೭೬೧ರಲ್ಲಿ ಸರ್ವಾಧಿಕಾರಿಯಾದನು. ಒಡೆಯರು ಅರಮನೆಯಲ್ಲಿಯೇ ಇದ್ದರು. ಮಹಾನವಮಿಯಲ್ಲಿ ಜನರಿಗೆ ದರ್ಶನವನ್ನೂ ಕೊಡುತ್ತಿದ್ದರು. ೧೭೯೬ರಲ್ಲಿ ಖಾಸಾ ಚಾಮರಾಜ ಒಡೆಯರು ತೀರಿಕೊಂಡ ಮೇಲೆ ಬೇರೊಬ್ಬರಿಗೆ ಪಟ್ಟವಾಗಲಿಲ್ಲ. ಈ ೩೮ ವರ್ಷಗಳಲ್ಲಿ ಪಟ್ಟಣಕ್ಕೆ ಮೂರನೆಯದೊಂದು ಪದರವು ಸೇರಿತು. ತೇಗದ ಮರದಿಂದ ೧೭೮೪ರಲ್ಲಿ ಕಟ್ಟಿದ ದರಿಯಾ ದೌಲತ್ತು ಅದರ ಸೊಬಗಿನ ಗುರುತು. ಅಲ್ಲಿಯ ಪಡುವಣ ಗೋಡೆಯ ಮೇಲೆ, ೧೭೮೦ರಲ್ಲಿ ಪೊಲ್ಲಿಲೂರಿನಲ್ಲಿ ಬೇಲಿಯೆಂಬ ಆಂಗ್ಲ ಸೇನಾನಿಯು ಸೋತ ಚಿತ್ರವಿದೆ. ಊರನ್ನು ಗೆದ್ದವರೇ ತಮ್ಮ ಸೋಲಿನ ಈ ಚಿತ್ರವನ್ನು ಉಳಿಸಿಕೊಂಡರು. ಮಾಸಿಹೋಗಿದ್ದ ಬಣ್ಣವನ್ನು ೧೮೫೫ರಲ್ಲಿ ಡಾಲ್‌ಹೌಸಿಯು ಮತ್ತೆ ಹಚ್ಚಿಸಿದನು. ೧೭೮೭ರ ಜುಮ್ಮಾ ಮಸೀದಿ, ತಂದೆ ತಾಯಿ ಮಗ ಮೂವರೂ ಮಲಗಿರುವ ಗುಂಬಜ್, ಕೋಟೆಯೊಳಗಿನ ಲಾಲ್ ಮಹಲ್, ಗಂಜಾಮಿನಾಚೆಯ ಲಾಲ್‌ಬಾಗಿನ ಅರಮನೆ, ಇವೆಲ್ಲವೂ ಈ ಕಾಲದವು. ಇವುಗಳ ನಡುವೆ ರಂಗನಾಥನ ಸೇವೆಯು ನಡೆದೇ ಇದ್ದಿತು. ಟಿಪ್ಪುವು ಒಪ್ಪಿಸಿದ ಬೆಳ್ಳಿಯ ಪಾತ್ರೆಗಳು ದೇವಾಲಯದಲ್ಲಿರುವುದನ್ನು ಪ್ರಾಕ್ತನ ವಿಮರ್ಶೆಯವರು ದಾಖಲೆಮಾಡಿದ್ದಾರೆ. ಈ ಆಳಿಕೆಯನ್ನು ಕುರಿತು ನಮ್ಮಲ್ಲಿ ಅಭಿಪ್ರಾಯಭೇದಗಳು ತೀಕ್ಷ್ಣವಾಗಿವೆ. ಅವುಗಳನ್ನು ತೀರ್ಮಾನಿಸುವುದು ಇಲ್ಲಿ ಉದ್ದಿಷ್ಟವಲ್ಲ. ಊರಿನ ಮಟ್ಟಿಗೆ ಹೇಳಬಹುದಾದುದಿಷ್ಟು: ಗೋಪುರವೂ ಮೀನಾರುಗಳೂ ಒಂದೇ ಕೋಟೆಯೊಳಗೆ, ಕೆಲವೇ ನಿಮಿಷಗಳ ನಡಿಗೆಯ ಅಂತರದಲ್ಲಿ, ಏಕಕಾಲದಲ್ಲಿ ಬಳಕೆಯಲ್ಲಿದ್ದುವು.

ಜನಸಂಖ್ಯೆಯೂ ಈ ಕಾಲದಲ್ಲಿಯೇ ಅತಿ ಹೆಚ್ಚಾಗಿದ್ದಿತು. ಗಂಜಾಮನ್ನು ತುಂಬಲು ಶಿರಾ ಪ್ರಾಂತದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಒತ್ತಾಯದಿಂದ ತಂದರೆಂದು ಹೇಳಿಕೆಯಿದೆ. ಕೋಟೆ ಬಿದ್ದ ಮರುವರ್ಷ ಬಂದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ನನು ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನರು ಒಂದೂವರೆ ಲಕ್ಷವಿದ್ದಿರಬೇಕೆಂದು ಎಣಿಸಿದನು. ಅವನು ನೋಡಿದಾಗ ದಂಡಿನವರನ್ನು ಬಿಟ್ಟು ಸುಮಾರು ೩೨ ಸಾವಿರ ಜನರು ಮಾತ್ರ ಇದ್ದರು. ಎಂದರೆ ಒಂದು ವರ್ಷದೊಳಗೆ ಐವರಲ್ಲಿ ನಾಲ್ವರು ಊರು ಬಿಟ್ಟುಹೋಗಿದ್ದರು. ಆಸ್ಥಾನವನ್ನೂ ಸೈನ್ಯವನ್ನೂ ನಂಬಿ ಬಾಳುತ್ತಿದ್ದ ಊರು ಅದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಡ.

೭

೧೭೯೯ರ ಜೂನ್ ೩೦ರಂದು ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಅವರು ಹುಟ್ಟಿದುದು ಶ್ರೀರಂಗಪಟ್ಟಣದಲ್ಲಿ, ಪಟ್ಟವಾದುದು ಮೈಸೂರಿನಲ್ಲಿ. ರಾಜಧಾನಿಯು ಅಲ್ಲಿಗೆ ಹೋಯಿತು. ಸಿಂಹಾಸನವೂ ಮಹಾನವಮಿಯೂ ಪಂಡಿತರೂ ಅದರೊಡನೆ ಹೋದರು. ದ್ವೀಪವು ಕುಂಪಣಿಯ ಸ್ವತ್ತಾಯಿತು. ವರ್ಷಕ್ಕೆ ೫೦ ಸಾವಿರ ರೂಪಾಯಿಗಳ ಗುತ್ತಿಗೆಗೆ ಮೈಸೂರಿನವರು ಅದನ್ನು ನೋಡಿಕೊಳ್ಳುತ್ತಿದ್ದರು. ಚಳಿಜ್ವರದ ಬಾಧೆಯನ್ನು ತಾಳಲಾರದೆ ಆಂಗ್ಲರ ದಂಡು ಕೆಲವು ವರ್ಷಗಳಲ್ಲಿಯೇ ಬೆಂಗಳೂರಿಗೆ ಹೊರಟಿತು. ೧೮೮೧ರಲ್ಲಿ ರಾಜ್ಯವು ಒಡೆಯರಿಗೆ ಮರಳಿದಾಗ, ಬೆಂಗಳೂರಿನ ದಂಡಿನ ಪ್ರದೇಶಕ್ಕೆ ಬದಲಾಗಿ ಈ ದ್ವೀಪವನ್ನು ಮೈಸೂರಿಗೆ ಬಿಟ್ಟುಕೊಟ್ಟರು.

ಈ ನಡುವೆ ಒಳ್ಳೆಯ ಕಾರ್ಯಗಳೂ ನಡೆಯದೆ ಇರಲಿಲ್ಲ. ದಿವಾನ್ ಪೂರ್ಣಯ್ಯನವರು ೧೮೦೪ರಲ್ಲಿ ಕಲ್ಲಿನ ಕಂಬಗಳ ಸೇತುವೆಯನ್ನು ಕಟ್ಟಿಸಿ ಅದಕ್ಕೆ ವೆಲ್ಲೆಸ್ಲಿಯ ಹೆಸರನ್ನಿಟ್ಟರು. ಗಂಜಾಮಿನಲ್ಲಿ ನೆಲೆಸಿದ ಫ್ರೆಂಚ್ ಪಾದ್ರಿ ಆಬೆ ದ್ಯುಬುವಾ ಚದರಿಹೋಗಿದ್ದ ಕ್ರೈಸ್ತರನ್ನು ಕೂಡಿಸಿ, ಇಗರ್ಜಿಯನ್ನು ಕಟ್ಟಿ, ಜನರಿಗೆ ಮೈಲಿಬೇನೆಗೆ ಹಾಲು ಹಾಕಿಸುವ ಕಾರ್ಯದಲ್ಲಿ ದುಡಿದನು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಆತನ ಗ್ರಂಥವು ಪ್ರಸಿದ್ಧವಾದುದು. ಆದರೆ ಅರಮನೆಗಳ ಗತಿಯು ಬೇರೆಯಾಯಿತು. ಲಾಲ್ ಮಹಲಿನ ಉಳಿದ ಭಾಗವು ಕೆಲವು ಕಾಲ ಗಂಧದ ಕೊರಡುಗಳ ಉಗ್ರಾಣವಾಗಿದ್ದಿತು. ಕಳಚಿದ ಅರಮನೆಯ ತೊಲೆಗಳು ಉದಕಮಂಡಲವೆಂಬ ಊಟಿಗೆ ಸಾಗಿ ಸೈಂಟ್ ಸ್ಟೀಫನ್ನನ ಇಗರ್ಜಿಯ ಮಾಡನ್ನು ಹೊತ್ತುವು. ಸುಲ್ತಾನನ ಪುಸ್ತಕಭಂಡಾರದ ಸುಮಾರು ಎರಡು ಸಾವಿರ ಗ್ರಂಥಗಳು ಹೊರನಾಡಿಗೆ ಹೋದುವು; ಅವುಗಳ ಸೂಚಿಯನ್ನು ಚಾರ್ಲ್ಸ್ ಸ್ಟ್ಯೂವರ್ಟನು ೧೮೦೯ರಲ್ಲಿ ಕೇಂಬ್ರಿಜ್ಜಿನಲ್ಲಿ ಅಚ್ಚುಹಾಕಿಸಿದನು. ೧೯೦೧ರ ಖಾನೇಷುಮಾರಿಯ ವೇಳೆಗೆ ಊರಿನ ಜನರು ಒಂಬತ್ತು ಸಾವಿರಕ್ಕಿಂತಲೂ ಕಡಮೆ.

೮

ರಾಜಧಾನಿಯ ಪದವಿಯನ್ನು ಕಳೆದುಕೊಂಡ ಊರುಗಳೆಲ್ಲಕ್ಕೂ ಇದೇ ಗತಿಯೆ? ಯೂರೋಪಿನ ಒಂದು ನಿದರ್ಶನವನ್ನು ನೋಡೋಣ. ಸ್ಪೇಯಿನ್ ದೇಶದ ತೊಲೇದೋ ನಗರವು ನಮ್ಮ ಪಟ್ಟಣಕ್ಕೆ ಹಲವು ವಿಧದಲ್ಲಿ ಹೋಲುತ್ತದೆ. ಅದನ್ನೂ ತಾಹೋ ನದಿಯು ಮೂರು ಕಡೆಗಳಲ್ಲಿ ಸುತ್ತಿದೆ. ಅದು ಮೊದಲು ವಿಸಿಗಾತ್ ದೊರೆಗಳಿಗೂ, ಅನಂತರ ಮುಸಲ್ಮಾನರಿಗೂ, ೧೦೮೫ರ ಮೇಲೆ ಕ್ರೈಸ್ತ ಅರಸರಿಗೂ ಸೇರಿ, ಮೂರು ಮತದವರ ಕಟ್ಟಡಗಳಿಂದ ತುಂಬಿದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಅರಬ್ಬೀ ಗ್ರಂಥಗಳನ್ನು ಲ್ಯಾಟಿನ್ ಭಾಷೆಗೆ ತಿರುಗಿಸಿದ ಪಂಡಿತರಿಂದ ಯೂರೋಪಿನ ವಿದ್ಯೆಯೇ ಹೊಸದಾಯಿತು. ಎರಡನೆಯ ಫಿಲಿ‍ಪ್ ದೊರೆಯು ೧೫೬೧ರಲ್ಲಿ ಆಸ್ಥಾನವನ್ನು ಮಾಡ್ರಿಡ್ಡಿಗೆ ಒಯ್ದನು. ತೊಲೇದೋ ನಗರವೂ ಕ್ರಮವಾಗಿ ಬಡವಾಯಿತು.

ಆದರೂ ವ್ಯತ್ಯಾಸವುಂಟು. ದೊರೆಯು ಹೋದರೂ ದೇಶದ ಪ್ರಧಾನ ಧರ್ಮಾಧ್ಯಕ್ಷನ ಪೀಠವು ಅಲ್ಲಿಯೇ ಉಳಿಯಿತು. ಆಸ್ಥಾನವು ಹೊರಟು ಹದಿನಾರು ವರ್ಷಗಳಾದ ಮೇಲೆ, ೧೫೭೭ರಲ್ಲಿ, ಎಲ್ ಗ್ರೇಕೋ ಎಂಬ ಮಹಾಚಿತ್ರಕಾರನು ಬಂದು ನೆಲೆಸಿ, ಆ ನಗರವನ್ನು ತನ್ನ ಚಿತ್ರಗಳಿಂದ ಅಮರಗೊಳಿಸಿದನು. ತಮ್ಮ ಊರನ್ನು ತಾವೇ ಕಂಡು ಹೇಳುವವರು ತೊಲೇದೋದಲ್ಲಿ ಉಳಿದರು. ಶ್ರೀರಂಗಪಟ್ಟಣದಲ್ಲಿ ರಂಗನಾಥನು ಉಳಿದನು. ಆದರೆ ಕವಿಗಳು ಉಳಿಯಲಿಲ್ಲ. ಆ ಮೇಲೆ ಈ ಊರನ್ನು ಕುರಿತು ಬರೆದವರು ಹೆಚ್ಚಾಗಿ ಹೊರಗಿನವರು. ಅವರು ಕಂಡುದು ಒಂದು ಯುದ್ಧಭೂಮಿಯನ್ನು. ನಾವು ಕೂಡ ಅವರ ಕಣ್ಣಿನಿಂದಲೇ ನಮ್ಮ ರಾಜಧಾನಿಯನ್ನು ನೋಡುವುದನ್ನು ಕಲಿತೆವು. ಒಡೆದ ಕೋಟೆಯ ಬಳಿ ೧೯೦೭ರಲ್ಲಿ ಮೈಸೂರು ಸರ್ಕಾರದವರು ನಿಲ್ಲಿಸಿದ ಸ್ಮಾರಕಸ್ತಂಭವೂ ಮುತ್ತಿಗೆಯಲ್ಲಿ ಬಿದ್ದ ಕುಂಪಣಿಯ ದಂಡಿನವರಿಗೆ ಸಂಬಂಧಿಸಿದುದೇ ಆಗಿದೆ.

೯

ಇಷ್ಟರಿಂದ ಶ್ರೀರಂಗಪಟ್ಟಣದ ಸ್ವರೂಪವು ಸ್ವಲ್ಪಮಟ್ಟಿಗಾದರೂ ಸ್ಪಷ್ಟವಾಯಿತೆಂದು ಭಾವಿಸುತ್ತೇನೆ. ಅದು ನದಿಯಿಂದ ರಕ್ಷಿತವಾದ ದುರ್ಗ, ಆದಿರಂಗನ ಕ್ಷೇತ್ರ, ವಿಜಯನಗರದ ಮಹಾನವಮಿಗೆ ಎರಡನೆಯ ಜನ್ಮವನ್ನು ಕೊಟ್ಟ ಊರು, ಕನ್ನಡ ಗದ್ಯಕ್ಕೂ ಸಾಂಗತ್ಯಕ್ಕೂ ನಾಟಕಕ್ಕೂ ಆಶ್ರಯವಿತ್ತ ಆಸ್ಥಾನ, ಕೊನೆಯಲ್ಲಿ ಪರದೇಶದ ಕುಂಪಣಿಯನ್ನು ಎದುರಿಸಿ ನಿಂತ ಸೈನಿಕ ನಗರ. ಇವುಗಳಲ್ಲಿ ಕೊನೆಯದನ್ನು ಅಳಿಸಬೇಕೆಂದು ಯಾರೂ ಹೇಳಲಾರರು. ಆದರೆ ಅದೊಂದೇ ಉಳಿದು ಮಿಕ್ಕವು ಮರೆಯಾದರೆ, ೧೮೯ ವರ್ಷಗಳ ಬಾಳನ್ನು ಒಂದು ದಿನದ ಸಾವಿಗೆ ಇಳಿಸಿದಂತಾಗುವುದು.

ಕಲ್ಲುಗಳನ್ನು ಕಾಪಾಡುವುದರಲ್ಲಿ ಈಚೆಗೆ ಶ್ರದ್ಧೆಯು ಹೆಚ್ಚಿದೆ. ರೈಲಿನ ದಾರಿಯನ್ನು ಇಮ್ಮಡಿಸುವುದಕ್ಕಾಗಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದನ್ನು ಕೆಡವದೆ, ೨೦೧೭ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ದೂರ ಸರಿಸಿ ಇರಿಸಿದರು. ಈ ಪ್ರಯತ್ನವು ಸ್ತುತ್ಯರ್ಹವಾದುದು. ಆದರೆ ೨೦೨೩ರಲ್ಲಿ ತೆರೆದ ಹೊಸ ಹೆದ್ದಾರಿಯು ಊರನ್ನು ಬಳಸಿಕೊಂಡು ಹೋಗುವುದರಿಂದ, ದಾರಿಯಲ್ಲಿ ಸುಮ್ಮನೆ ಇಳಿದು ನೋಡುತ್ತಿದ್ದವರೂ ಇನ್ನು ಕಡಮೆಯಾಗುವರು. ಬೇಕೆಂದು ಬರುವವರೇ ಬರಬೇಕು. ಅವರಿಗೆ ಏನು ಬೇಕೆಂಬುದನ್ನು ಕಲಿಸತಕ್ಕವರು ಉಪಾಧ್ಯಾಯರು.

ಆದುದರಿಂದ ಸಾಹಿತ್ಯದ ಅಧ್ಯಾಪಕರಲ್ಲಿ ಒಂದು ವಿಜ್ಞಾಪನೆ. ವಿದ್ಯಾರ್ಥಿಗಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದಾಗ, ಕೋಟೆ ಒಡೆದ ಜಾಗವನ್ನು ತೋರಿಸಿದ ಮೇಲೆ, ರಂಗನಾಥನ ಗುಡಿಯ ಮುಂದಣ ಬಯಲಿನಲ್ಲಿ ಅವರನ್ನು ಕುಳ್ಳಿರಿಸಿ, ಗೋವಿಂದವೈದ್ಯನ ಮಹಾನವಮಿಯ ವರ್ಣನೆಯನ್ನು ಓದಿ ಹೇಳಬೇಕು. ಹೊನ್ನಮ್ಮನು ಸಂಚಿಯನ್ನು ಹಿಡಿದು ನಡೆದಾಡಿದ ಅರಮನೆಯು ಇಲ್ಲಿಯೇ ಎಲ್ಲಿಯೋ ಇದ್ದಿತೆಂದು ತಿಳಿಸಬೇಕು. ಆ ಅರಮನೆಯ ಒಂದು ಕಂಬವೂ ಇಂದು ಕಾಣಸಿಗದು. ಆದರೆ ಅದರೊಳಗೆ ಹುಟ್ಟಿದ ಕಾವ್ಯಗಳು ಅಚ್ಚಾಗಿ ನಮ್ಮ ಕೈಯಲ್ಲಿವೆ. ಅವುಗಳನ್ನು ಅವು ಹುಟ್ಟಿದ ಮಣ್ಣಿನ ಮೇಲೆ ಕುಳಿತು ಓದುವುದು ಹೆಚ್ಚು ವೆಚ್ಚದ ಕೆಲಸವಲ್ಲ.